ಟಿ-ಶರ್ಟ್ ಬೆಲೆ ಏರಿಸಿದ್ದರ ಬಗ್ಗೆ ನಮ್ಮ ಗ್ರಾಹಕರಿಗೆ

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿ ಶಹಾಪುರದ ಪ್ರಿಂಟಿಂಗ್ ಅಂಗಡಿಯವರು, ಬ್ಯಾಂಡಿನ ಟಿ-ಶರ್ಟ್ ಪ್ರಿಂಟ್ ಮಾಡಿ ಅಂಗಡಿಯಲ್ಲೂ ಶೋದಲ್ಲೂ ಮಾರುತ್ತೇವೆ.

ಮೊದಲು ಕ್ಷಮೆ ಕೇಳಬೇಕು. ಹೋದ ಶನಿವಾರದ ಶೋದಲ್ಲಿ ನಮ್ಮ ಟೇಬಲ್ ಮುಂದಿನ ಬೋರ್ಡ್ ಮೇಲೆ 499 ಅಳಿಸಿ 650 ಬರೆದೆವು. ಮೊದಲೇ ಯಾರಿಗೂ ಹೇಳಿರಲಿಲ್ಲ. ಗೋಕಾಕದಿಂದ ಬಂದಿದ್ದ ಇಬ್ಬರು ಹುಡುಗಿಯರು ಐನೂರರ ನೋಟು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಬೋರ್ಡ್ ನೋಡಿದರು, ಟಿ-ಶರ್ಟನ್ನು ನೀಟಾಗಿ ಮಡಚಿ ವಾಪಸ್ ಇಟ್ಟು ಹೋದರು. ಆವತ್ತಿನಿಂದ ನಮಗೆ ಸಮಾಧಾನವಿಲ್ಲ.

ಆದರೆ "ಬ್ಯಾಂಡಿನ ಹೆಸರು ಹೇಳಿ ಲೂಟಿ ಮಾಡ್ತೀರಿ" ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ.

ಒಂದನೇ ತಾರೀಖಿನಿಂದ ಕರಿ ರೌಂಡ್ ನೆಕ್ ಶಹಾಪುರದ ಅಂಗಡಿಯಲ್ಲಿ 550, ಶೋದಲ್ಲಿ 650. ಎರಡು ಬೆಲೆ ಯಾಕೆ ಅಂದರೆ, ಹಾಲ್‌ನವರು ಈಗ ನಮ್ಮ ಮಾರಾಟದಲ್ಲಿ ನೂರಕ್ಕೆ 20 ಕೇಳುತ್ತಾರೆ. ಟೇಬಲ್ ನಮ್ಮದು, ಮಾರುವ ಹುಡುಗರು ನಮ್ಮವರು, ಉಳಿದ ಮಾಲು ಹೊತ್ತು ತರುವವರೂ ನಾವೇ. ಆದರೂ ಕೊಡಬೇಕು. ಇಂಗ್ಲೆಂಡ್, ಅಮೆರಿಕದಲ್ಲೂ ಇದೇ ಗೋಳು. ಅಲ್ಲಿ ಬ್ಯಾಂಡಿನವರು ದನಿ ಎತ್ತಿದರು, 2023ರಲ್ಲಿ ಶೋ ನಡೆಸುವ ಲೈವ್ ನೇಷನ್ ಕಂಪನಿ ತನ್ನ ಕ್ಲಬ್ಬುಗಳಲ್ಲಿ ಈ ಕಮಿಷನ್ ಬಿಡುವುದಾಗಿ ಹೇಳಿತು. ಇಲ್ಲಿ ನಮ್ಮ ಮಾತು ಇನ್ನೂ ನಡೆದಿಲ್ಲ.

ಇನ್ನು ದಿನಾ ಕೇಳುವ ಮಾತು: "ಅಣ್ಣಾ, ಇಂಥಾದ್ದ ಖಡೇಬಜಾರದಾಗ ನೂರೈವತ್ತಕ್ಕ ಸಿಗತೈತಿ." ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ ನಿಮ್ಮ ಕೈ ಆಚೆ ಕಾಣುತ್ತದೆ. ನಮ್ಮದು ತಿರುಪ್ಪೂರಿನ 180 ಜಿಎಸ್ಎಂ ಹತ್ತಿ, ಅಂದರೆ ಒಂದು ಚದರ ಮೀಟರ್ ಬಟ್ಟೆ 180 ಗ್ರಾಂ ತೂಗುತ್ತದೆ. ಸಾದಾ ಟಿ-ಶರ್ಟೇ ನಮಗೆ 245ಕ್ಕೆ ಬೀಳುತ್ತದೆ, ಮೊದಲು 210 ಇತ್ತು. ನಾಲ್ಕು ಬಣ್ಣದ ಚಿತ್ರ ಅಂದರೆ ನಾಲ್ಕು ಸ್ಕ್ರೀನ್ (ಇಂಕು ಇಳಿಸುವ ಜಾಲರಿ), ಬಣ್ಣಕ್ಕೊಂದು. ಒಂದು ಕೂದಲೆಳೆ ಆಚೀಚೆ ಆದರೂ ಗಿಟಾರಿನ ತಂತಿ ಎರಡಾಗಿ ಕಾಣುತ್ತದೆ, ಆ ಪೀಸ್ ಪಕ್ಕಕ್ಕೆ ಹೋಗುತ್ತದೆ. ಇಂಕು, ಸ್ಕ್ರೀನು, ಕೂಲಿ ಸೇರಿ 85. ಬ್ಯಾಂಡಿಗೆ 120. 499ರ ಲೆಕ್ಕದಲ್ಲಿ ಜಿಎಸ್‌ಟಿ 24, ಹಾಲ್‌ಗೆ 100. ಕೂಡಿಸಿದರೆ 574. ಅದನ್ನು 499ಕ್ಕೆ ಮಾರಿದರೆ ಒಂದೊಂದಕ್ಕೂ 75 ರೂಪಾಯಿ ಕೈಯಿಂದ ಹೋಗುತ್ತದೆ. 650ಕ್ಕೆ ಮಾರಿದರೂ ಹಾಲ್‌ನವರ ಪಾಲು, ಜಿಎಸ್‌ಟಿ ಎರಡೂ ಏರುತ್ತವೆ, ನಮಗೆ ಉಳಿಯುವುದು 39. ಅಂಗಡಿ ಬಾಡಿಗೆ, ಕರೆಂಟು, ಮಾರಾಟವಾಗದೆ ಉಳಿಯುವ ಡಬಲ್ ಎಕ್ಸೆಲ್ ಎಲ್ಲ ಅದರಲ್ಲೇ.

"ಜಿಎಸ್‌ಟಿ ಇಳೀತಲ್ಲ" ಅನ್ನುತ್ತೀರಿ. 2025ರ ಸೆಪ್ಟೆಂಬರ್ 22ರಿಂದ ಇಳಿದದ್ದು 1,000 ದಾಟಿ 2,500ರೊಳಗಿನ ಬಟ್ಟೆಗೆ. ನಮ್ಮ ಟಿ-ಶರ್ಟಿಗೆ ಮೊದಲೂ ನೂರಕ್ಕೆ 5, ಈಗಲೂ 5. ಹೂಡಿಗೆ (ಟೋಪಿ ಇರುವ ಸ್ವೆಟ್‌ಶರ್ಟಿಗೆ) ಇಳಿಯಿತು, 1,299 ಇದ್ದದ್ದನ್ನು ನಾವು ಆಗಲೇ 1,218 ಮಾಡಿದ್ದೇವೆ.

"ಶೋ ಹೌಸ್‌ಫುಲ್ ಇತ್ತು, ಬ್ಯಾಂಡಿಗೇನು ಕಡಿಮೆ?" ಅಂತಲೂ ಕೇಳುತ್ತೀರಿ. ಸಣ್ಣ ಬ್ಯಾಂಡಿಗೆ ಸಿಗುವುದು ಮೊದಲೇ ಮಾತಾದ ಒಂದು ಮೊತ್ತ. ಸೀಟು ತುಂಬಿದರೂ ಅದೇ, ತುಂಬದಿದ್ದರೂ ಅದೇ. ಬೆಂಗಳೂರಿನಿಂದ ಇಲ್ಲಿಗೆ 500 ಕಿಲೋಮೀಟರ್. ಡ್ರಮ್ಸ್, ಆಂಪ್ಲಿಫೈಯರ್ ಇಟ್ಟುಕೊಂಡು ಬಸ್ಸಿಗೆ ಹತ್ತಲು ಆಗುತ್ತಾ? ಟೆಂಪೋ ಟ್ರಾವೆಲರ್ ಬೇಕು. ಡೀಸೆಲ್, ಟೋಲ್, ಡ್ರೈವರ್ ಭತ್ಯೆ, ರೂಮು, ಆರು ಜನರ ಊಟ. ಶೋ ಮುಗಿದ ರಾತ್ರಿ ಅವರು ಲಾಡ್ಜಿನ ಮಂಚದ ಮೇಲೆ ನೋಟು ಹರವಿ, ಡೀಸೆಲ್ಲಿನದು ಬೇರೆ, ರೂಮಿನದು ಬೇರೆ ಅಂತ ಎತ್ತಿಡುವಾಗ ನಾವು ಅಲ್ಲೇ ಇದ್ದೆವು. ಉಳಿದದ್ದನ್ನು ಐದು ಪಾಲು ಮಾಡಿದರು, ಬಹಳ ಏನೂ ಇರಲಿಲ್ಲ. ಟಿ-ಶರ್ಟಿನ ದುಡ್ಡನ್ನು ನಾವು ಅದೇ ರಾತ್ರಿ ಅವರ ಕೈಗೆ ಕೊಡುತ್ತೇವೆ.

ಬ್ಯಾಂಡಿಗೆ ಕೊಡುವ ಆ 120ನ್ನು 40 ಮಾಡಿದ್ದರೆ ನಿಮಗೆ ಇಷ್ಟೊಂದು ಏರಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಅದೊಂದನ್ನು ನಾವು ಮಾಡುವುದಿಲ್ಲ.

ಮಳೆಗಾಲದ ಲಾಟಿನಲ್ಲಿ ಪ್ರಿಂಟ್ ಬಿರುಕು ಬಿಟ್ಟದ್ದು ನಿಜ. ಇಂಕು ಗಟ್ಟಿಯಾಗಲು 160 ಡಿಗ್ರಿ ಕಾವು ಬೇಕು. ಕರೆಂಟು ಹೋಗಿ ಬಂದು ಮಾಡಿತ್ತು, ನಾವು ಕಾವು ನೋಡದೇ ಮುಂದೆ ಕಳಿಸಿದೆವು. ಎಷ್ಟು ಸಲ ಒಗೆದಿದ್ದರೂ ಪರವಾಗಿಲ್ಲ, ತನ್ನಿ, ಹೊಸದು ಕೊಡುತ್ತೇವೆ.

ಶನಿವಾರ 650 ಕೊಟ್ಟವರಿಗೆ 151 ವಾಪಸ್. ಬಿಲ್ ಕಳೆದಿದ್ದರೆ ಟಿ-ಶರ್ಟ್ ಹಾಕಿಕೊಂಡು ಬನ್ನಿ, ನಮ್ಮ ಪ್ರಿಂಟು ನಮಗೆ ಗೊತ್ತಾಗುತ್ತದೆ. ಗೋಕಾಕದ ಆ ಇಬ್ಬರು ತಂಗಿಯರಿಗಾಗಿ ಒಂದು ಸ್ಮಾಲ್, ಒಂದು ಮೀಡಿಯಂ ತೆಗೆದಿಟ್ಟಿದ್ದೇವೆ. ಬೆಲೆ 499. ಗುರುತಿದ್ದವರು ದಯವಿಟ್ಟು ಅವರಿಗೆ ತಿಳಿಸಿ.

ಇಂತಿ,
ಪ್ರಿಂಟಿಂಗ್ ಅಂಗಡಿಯ ನಾಲ್ವರು
ಶಹಾಪುರ, ಬೆಳಗಾವಿ