‘ಎನ್’ ಮೇಲಿನ ಗೀಟು

ಪ್ಯಾರಿಸ್

ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ. ತತ್ತ್ವಶಾಸ್ತ್ರ ಓದುವವರಿಗೆ ಚರ್ಮದ ಹಾಳೆಯ ಹಳೇ ಪುಸ್ತಕಗಳ ಮುಂದೆ ಏನು ಕೆಲಸ ಅಂತ ಕೇಳಿದ್ದಿರಿ. ವಾದ ಏನೆಂದು ತಿಳಿಯುವ ಮೊದಲು ಅಲ್ಲಿರುವ ಪದ ಯಾವುದೆಂದು ತೀರ್ಮಾನವಾಗಬೇಕಲ್ಲ, ಅದೇ ಕೆಲಸ.

13ನೇ ಶತಮಾನದ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಅರ್ಧಕ್ಕರ್ಧ ಪದಗಳು ಸಂಕ್ಷೇಪದಲ್ಲೇ ಇರುತ್ತವೆ. ಸ್ವರದ ಮೇಲೆ ಗೀಟೆಳೆದರೆ ಮುಂದೆ ‘ಮ’ ಅಥವಾ ‘ನ’ ಇದೆ ಎಂದರ್ಥ, ನಮ್ಮ ಸೊನ್ನೆಯ ಹಾಗೇ. ‘ಜಿ’ ತಲೆಯ ಮೇಲೆ ಪುಟ್ಟ ‘ಒ’ ಇದ್ದರೆ ‘ಎರ್ಗೊ’, ‘ಐ’ ಇದ್ದರೆ ‘ಇಗಿತುರ್’. ಎರಡಕ್ಕೂ ‘ಆದ್ದರಿಂದ’ ಅಂತಲೇ ಅರ್ಥ, ತಪ್ಪಿ ಓದಿದರೂ ವಾದ ಕೆಡುವುದಿಲ್ಲ. ಕೆಡುವುದು ‘ಎನ್’ ಬಳಿ. ಅದರ ಎರಡೂ ಬದಿ ಚುಕ್ಕೆಯಿದ್ದರೆ ‘ಎನಿಮ್’, ಅಂದರೆ ‘ಏಕೆಂದರೆ’. ಮೇಲೆ ಗೀಟಿದ್ದರೆ ‘ನೋನ್’, ಅಂದರೆ ‘ಅಲ್ಲ’. ಚುಕ್ಕೆಗಳು ಮಾಸಿ, ಮೇಲಿನ ಸಾಲಿನ ಅಕ್ಷರದ ಬಾಲ ಗೀಟಿನಂತೆ ಕಂಡಿತೋ, ಕಾರಣ ಹೇಳುವ ವಾಕ್ಯ ನಿಷೇಧವಾಗಿಬಿಡುತ್ತದೆ.

ಇನ್ನೊಂದು ತೊಡಕು ನಕಲು ಮಾಡುತ್ತಿದ್ದ ಕ್ರಮದ್ದು. ಪ್ಯಾರಿಸ್ ವಿಶ್ವವಿದ್ಯಾಲಯದ ಸುತ್ತಲಿನ ಪುಸ್ತಕ ವ್ಯಾಪಾರಿಗಳು ಮೂಲಪ್ರತಿಯನ್ನು ಹೊಲಿಯದೆ ಬಿಡಿ ಕಂತುಗಳಾಗಿ ಬಾಡಿಗೆಗೆ ಕೊಡುತ್ತಿದ್ದರು. ಕಂತಿಗೆ ‘ಪೆಚಿಯಾ’ ಅಂತ ಹೆಸರು, ಸಾಮಾನ್ಯವಾಗಿ ನಾಲ್ಕು ಹಾಳೆ, ಎಂಟು ಪುಟ. ಯಾವ ಗ್ರಂಥಕ್ಕೆ ಎಷ್ಟು ಕಂತು, ಎಷ್ಟು ಬಾಡಿಗೆ ಎಂಬ 1304ರ ಪಟ್ಟಿ ಉಳಿದಿದೆ. ನಾನು ಓದುತ್ತಿರುವ 13ನೇ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸನ ಗ್ರಂಥಗಳೂ ಅದರಲ್ಲಿವೆ. ಬೇಕಾದ ಕಂತು ಬೇರೆಯವರ ಕೈಯಲ್ಲಿದ್ದರೆ ಲಿಪಿಕಾರ ಅಂದಾಜಿನ ಮೇಲೆ ಜಾಗ ಬಿಟ್ಟು ಮುಂದಿನದನ್ನು ಬರೆಯುತ್ತಿದ್ದ. ಆಮೇಲೆ ತುಂಬುವಾಗ ಜಾಗ ಸಾಲದೆ ಅಕ್ಷರ ಇಕ್ಕಟ್ಟಾಗಿರುತ್ತದೆ, ಇಲ್ಲವೇ ಜಾಗ ಉಳಿದು ಸಡಿಲವಾಗಿರುತ್ತದೆ. ಅಂಚಿನಲ್ಲಿ ಸಣ್ಣದಾಗಿ ಕಂತಿನ ಸಂಖ್ಯೆ ಕಾಣಿಸಿದರೆ ನನಗೆ ನಿಧಿ ಸಿಕ್ಕಷ್ಟು ಸಂತೋಷ.

ಒಂದೇ ಕಂತಿಗೆ ಎರಡು ಮೂಲಪ್ರತಿಗಳೂ ಇರುತ್ತಿದ್ದವು. ಒಂದು ಕೈಯಾಡಿ ಸವೆದದ್ದು, ಇನ್ನೊಂದು ಹೊಸದು. ಹಾಗಾಗಿ ಹತ್ತನೇ ಕಂತಿನಲ್ಲಿ ನಂಬಬಹುದಾದ ಹಸ್ತಪ್ರತಿ ಹನ್ನೊಂದನೆಯದರಲ್ಲಿ ಕೈಕೊಡಬಹುದು. ಇಡೀ ಪುಸ್ತಕಕ್ಕೆ ಒಂದೇ ತೀರ್ಪು ಕೊಡಬಾರದು, ಕಂತು ಕಂತಾಗಿ ಪಾಠ ಹೋಲಿಸಬೇಕು. ಹತ್ತಿರ ಹತ್ತಿರದ ಎರಡು ವಾಕ್ಯ ಒಂದೇ ಪದದಿಂದ ಮುಗಿದರೆ ಲಿಪಿಕಾರನ ಕಣ್ಣು ಹಾರಿ ನಡುವಿನದು ಬಿಟ್ಟುಹೋಗುತ್ತದೆ. ಇದು ಯಾರಿಗೂ ಆಗಬಹುದಾದ ತಪ್ಪು. ಎರಡು ಪ್ರತಿಗಳಲ್ಲಿ ಇದೊಂದೇ ಲೋಪ ಸಮಾನವಾಗಿದೆ ಅಂತ ಒಂದರ ಮೂಲ ಇನ್ನೊಂದು ಅನ್ನಲಾಗದು.

ಪದ ನಿಂತ ಮೇಲೆ ಅರ್ಥ. ಅಕ್ವಿನಾಸ್ ಪ್ರತಿ ಪ್ರಶ್ನೆಯಲ್ಲೂ ಮೊದಲು ಎದುರಾಳಿಯ ಮಾತನ್ನೇ ಇಡುತ್ತಾನೆ, ಉತ್ತರ ಆಮೇಲೆ. ಪೂರ್ವಪಕ್ಷ, ಸಿದ್ಧಾಂತ ಗೊತ್ತಿರುವ ನಿಮಗೆ ಇದು ಹೊಸದಲ್ಲ. ಪೂರ್ವಪಕ್ಷದ ಸಾಲನ್ನೇ ಅವನ ಮತವೆಂದು ಎತ್ತಿ ಬರೆಯುವವರು ಈಗಲೂ ಇದ್ದಾರೆ, ನೋಡಿದಾಗೆಲ್ಲ ಸಂಕಟವಾಗುತ್ತದೆ.

ಅಟ್ಟದ ಮೇಲಿನ ಓಲೆಗರಿ ಕಟ್ಟನ್ನು ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ದಾರ ಬಿಚ್ಚಲೇಬೇಕಾದರೆ ಗರಿಗಳ ಕ್ರಮವನ್ನು ಮೊದಲು ಬೇರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು