ಬದಿಯಡ್ಕದ ಮಳೆಯಲ್ಲಿ ಇಬ್ಬರು ಫ್ರಿಡಾ

ಪ್ರೀತಿಯ ಗೆಳೆಯಾ,

ನೀನು ಬೆಂಗಳೂರು ಸೇರಿದ ಮೇಲೆ ಕಾಸರಗೋಡಿನ ನಮ್ಮ ಬದಿಯಡ್ಕದ ಮಳೆ ಸುದ್ದಿ ಕೇಳುವವರೇ ಇಲ್ಲ. ಮೂರು ದಿನದಿಂದ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಆಗಿಲ್ಲ. ಸುಮ್ನೆ ಚಾವಡಿಯಲ್ಲಿ ಕೂತು ಒಂದೇ ಚಿತ್ರ ನೋಡುತ್ತಾ ಇದ್ದೇನೆ. ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಹ್ಲೋ 1939ರಲ್ಲಿ ಬರೆದ ‘ಇಬ್ಬರು ಫ್ರಿಡಾ’. ಗಂಡ ಡಿಯೇಗೋ ರಿವೇರಾನಿಂದ ಅವಳಿಗೆ ವಿಚ್ಛೇದನ ಆದದ್ದೂ ಅದೇ ವರ್ಷ.

ಒಂದು ಬೆಂಚಿನ ಮೇಲೆ ಅವಳೇ ಇಬ್ಬರಾಗಿ ಕೂತಿದ್ದಾಳೆ. ಒಬ್ಬಳಿಗೆ ಯುರೋಪಿನ ಬಿಳಿ ಲೇಸಿನ ಉಡುಪು. ಇನ್ನೊಬ್ಬಳಿಗೆ ಮೆಕ್ಸಿಕೋದ ತೆಹುವಾನಾ ಹೆಂಗಸರ ಬಣ್ಣದ ಉಡುಪು. ಅವಳ ಅಪ್ಪ ಜರ್ಮನಿಯಿಂದ ಬಂದ ಫೋಟೋಗ್ರಾಫರ್, ಅಮ್ಮ ಮೆಕ್ಸಿಕೋದವಳು. ಎರಡು ಹೃದಯವೂ ಹೊರಗೇ ಕಾಣುತ್ತವೆ. ಅವನ್ನು ಕಟ್ಟಿರುವುದು ಒಂದೇ ರಕ್ತನಾಳ. ಅದು ಹೊರಡುವುದು ತೆಹುವಾನಾ ಫ್ರಿಡಾ ಕೈಯಲ್ಲಿರುವ ಡಿಯೇಗೋನ ಪುಟ್ಟ ಚಿತ್ರದಿಂದ. ಬಿಳಿ ಉಡುಪಿನವಳ ಮಡಿಲಲ್ಲಿ ಅದರ ತುದಿ ತುಂಡಾಗಿದೆ. ಡಾಕ್ಟರರ ಇಕ್ಕಳದಲ್ಲಿ ಅದುಮಿ ಹಿಡಿದಿದ್ದಾಳೆ, ಆದರೂ ರಕ್ತ ತೊಟ್ಟಿಕ್ಕುತ್ತಿದೆ. ಲಂಗದ ಅಂಚಿನಲ್ಲಿ ಸಣ್ಣ ಕೆಂಪು ಹೂವಿನ ಕಸೂತಿ ಇದೆ. ಫೋನಲ್ಲಿ ದೊಡ್ಡದು ಮಾಡಿ ನೋಡು. ಯಾವುದು ಹೂ, ಯಾವುದು ರಕ್ತ ಅಂತ ತಕ್ಷಣ ಗೊತ್ತಾಗುವುದಿಲ್ಲ.

ಫ್ರೆಂಚ್ ಕವಿ ಆಂದ್ರೆ ಬ್ರೆಟನ್ ಅವಳನ್ನು ಸರ್ರಿಯಲಿಸ್ಟ್ ಅಂದ, ಅಂದರೆ ಕನಸಿನಂಥ ಲೋಕವನ್ನು ಚಿತ್ರಿಸುವವಳು ಅಂತ. ಅವಳು ಒಪ್ಪಲಿಲ್ಲ. ತಾನು ಬರೆದದ್ದು ಕನಸನ್ನಲ್ಲ, ತನ್ನ ಬದುಕನ್ನು ಅಂದಳು. ನಮ್ಮೂರಲ್ಲಿ ಕೂತು ನೋಡಿದರೆ ಅದು ನಿಜ ಮಾರಾಯ.

ಹೋದ ವಾರ ಅಮ್ಮನಿಗೆ ಒಂದು ಕಚೇರಿಯಿಂದ ನೋಟೀಸು ಬಂತು. ಪೂರ್ತಿ ಮಲಯಾಳದಲ್ಲಿ. ಅಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ, ನಿನಗೆ ಗೊತ್ತಲ್ಲ. ಓದಿ ಹೇಳು ಅಂತ ನನ್ನ ಮುಂದೆ ಹಿಡಿದರು. ನಾನು ಫೋನಲ್ಲಿ ಯಾರ ಜೊತೆಗೋ ಮಲಯಾಳದಲ್ಲಿ ಮಾತಾಡುತ್ತಿದ್ದೆ. ಅದೇ ಭರದಲ್ಲಿ, ಅದೇ ಮಲಯಾಳದಲ್ಲಿ ಅಮ್ಮನ ಮೇಲೆ ರೇಗಿಬಿಟ್ಟೆ. ಇಷ್ಟು ವರ್ಷದಲ್ಲಿ ನಾಲ್ಕಕ್ಷರ ಕಲಿಯಬಾರದಿತ್ತಾ ಅಂತ. ಅಮ್ಮ ಏನೂ ಹೇಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಕ್ಕಿ ಡಬ್ಬದ ಅಡಿಗೆ ಇಟ್ಟು ಒಳಗೆ ಹೋದರು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ಕಾಲೇಜಲ್ಲಿ ನಾವು ಎಷ್ಟು ಕೂಗಾಡಿದ್ದೆವು, ಅಲ್ವಾ? ಕೊನೆಗೆ ಮಲಯಾಳ ಕಲಿ ಅನ್ನುವ ಮಾತನ್ನು ಅಮ್ಮನ ಮುಖಕ್ಕೆ ಎಸೆದವನು ನಾನೇ.

ಮಲಯಾಳ ನನಗೆ ಬೇರೆಯವರದ್ದಲ್ಲ. ಅನ್ನ ಕೊಟ್ಟಿದೆ, ಗೆಳೆಯರನ್ನು ಕೊಟ್ಟಿದೆ. ಅದಕ್ಕೇ ಚಿತ್ರದಲ್ಲಿ ಆ ಇಬ್ಬರು ಫ್ರಿಡಾ ಹಿಡಿದುಕೊಂಡ ಕೈಗಳನ್ನೇ ಜಾಸ್ತಿ ಹೊತ್ತು ನೋಡಿದೆ. ಹಿಂದೆ ಕಪ್ಪು ಮೋಡ, ಒಳಗಿನ ಹೃದಯ ಹೊರಗೆ, ಆದರೂ ಕೈ ಬಿಟ್ಟಿಲ್ಲ.

ನಿನ್ನೆ ಡಬ್ಬ ಎತ್ತಿ ಆ ನೋಟೀಸು ತೆಗೆದೆ. ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು ಆ ಅಕ್ಷರಗಳನ್ನೇ ನೋಡುತ್ತಾ ಕೂತಿದ್ದರು.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಬಿಡು. ನಿನಗೆ ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾರೆ.