ಮಳೆಗಾಲಕ್ಕೆ ಮುನ್ನ ಮೀಟರ್ ಬೋರ್ಡ್ ಕಡೆ ಒಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಅಶ್ವಿನಿ, ಭರಣಿ ಮಳೆ ಶುರುವಾಯಿತೆಂದರೆ ಮೈಸೂರು, ಮಂಡ್ಯ ಭಾಗದಲ್ಲಿ ಸಂಜೆ ಹೊತ್ತಿಗೆ ಬಿರುಗಾಳಿ, ಗುಡುಗು, ಅದರ ಬೆನ್ನಿಗೇ ಕರೆಂಟ್ ಹೋಗುವುದು ಪ್ರತಿ ವರ್ಷ ಇದ್ದದ್ದೇ. ಮೈಸೂರಿನ ಹಳೇ ಬಡಾವಣೆಗಳಲ್ಲಿ ದೊಡ್ಡ ಮರಗಳ ಕೊಂಬೆ ಮುರಿದು ತಂತಿ ಮೇಲೆ ಬೀಳುತ್ತದೆ. ಮದ್ದೂರು, ಶ್ರೀರಂಗಪಟ್ಟಣದ ಕಡೆ ತೆಂಗಿನ ಗರಿ ಬಿದ್ದು ಎರಡು ತಂತಿ ಒಂದಕ್ಕೊಂದು ತಾಗುತ್ತವೆ. ಗದ್ದೆ ಬಯಲಿನಲ್ಲಿ ನೆನೆದ ಮಣ್ಣು ಸಡಿಲವಾಗಿ ಕಂಬವೇ ವಾಲಿಬಿಡುತ್ತದೆ. ಕೊಂಬೆ ಬಿದ್ದದ್ದಾದರೆ ಒಂದೆರಡು ಗಂಟೆಯಲ್ಲಿ ಸರಿಯಾಗಬಹುದು, ಕಂಬ ಬಿದ್ದದ್ದಾದರೆ ರಾತ್ರಿಯೆಲ್ಲಾ ಕತ್ತಲೆಯೇ.

ಇದಕ್ಕೆ ಸಿದ್ಧತೆ ಎಂದರೆ ಇನ್ವರ್ಟರ್ ಇಡಿಸುವುದು, ಮೇಣದಬತ್ತಿ ತರುವುದು ಎಂದು ಬಹಳ ಮನೆಗಳಲ್ಲಿ ತಿಳಿದುಕೊಂಡಿದ್ದಾರೆ. ಕತ್ತಲೆಯನ್ನು ಹೇಗಾದರೂ ಸುಧಾರಿಸಬಹುದು. ಟಿವಿ, ಫ್ರಿಜ್ ಸುಡುವುದು, ಶಾಕ್ ಹೊಡೆದು ಜೀವ ಹೋಗುವುದು ಕರೆಂಟ್ ಅರೆಬರೆ ಇರುವಾಗ ಮತ್ತು ಮರಳಿ ಬರುವಾಗ. ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲು ಮೀಟರ್ ಬೋರ್ಡಿಗೆ ಮಾಡಿ, ಇನ್ವರ್ಟರ್ ಆಮೇಲೆ.

ಬಿರುಗಾಳಿಯಲ್ಲಿ ಅತಿ ಹೆಚ್ಚು ಸಾಮಾನು ಸುಡುವುದು ನ್ಯೂಟ್ರಲ್ ತಂತಿ ಕಿತ್ತುಹೋದಾಗ. ಟ್ರಾನ್ಸ್‌ಫಾರ್ಮರ್‌ನಿಂದ ಬೀದಿಗೆ ಮೂರು ಫೇಸ್ (ಕರೆಂಟ್ ತರುವ ತಂತಿ), ಒಂದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಬರುತ್ತದೆ. ನಿಮ್ಮ ಮನೆಗೆ ಒಂದು ಫೇಸ್, ಪಕ್ಕದ ಮನೆಗೆ ಇನ್ನೊಂದು ಫೇಸ್ ಕೊಟ್ಟಿರಬಹುದು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400 ವೋಲ್ಟ್. ನ್ಯೂಟ್ರಲ್ ಕಡಿದ ಕ್ಷಣ ನಿಮ್ಮ ಮನೆ, ಪಕ್ಕದ ಮನೆ ಎರಡೂ ಒಂದೇ ಸರಪಳಿಯಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮಪಾಲಲ್ಲ. ಗೀಸರ್, ಇಸ್ತ್ರಿಪೆಟ್ಟಿಗೆ ಹಾಕಿಕೊಂಡ ಮನೆಗೆ ವೋಲ್ಟೇಜ್ ಕುಸಿಯುತ್ತದೆ, ಬರೀ ಟಿವಿ ಮತ್ತು ಎರಡು ಬಲ್ಬ್ ಉರಿಯುತ್ತಿರುವ ಮನೆಗೆ 300 ವೋಲ್ಟ್ ದಾಟಿ ಏರುತ್ತದೆ. ಲೋಡ್, ಅಂದರೆ ಕರೆಂಟಿನ ಬಳಕೆ, ಕಡಿಮೆ ಇದ್ದ ಮನೆಯವರಿಗೇ ಹೆಚ್ಚು ನಷ್ಟ ಆಗುವುದು ಇದರಿಂದ.

ಇದರ ಗುರುತು ಸುಲಭ. ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗುತ್ತದೆ, ಬಲ್ಬ್ ಕಣ್ಣು ಕೋರೈಸುತ್ತದೆ, ಅದೇ ಹೊತ್ತಿಗೆ ಎದುರು ಮನೆಯಲ್ಲಿ ದೀಪ ಮಂಕಾಗುತ್ತದೆ. ಆಗ ಒಂದೊಂದೇ ಸ್ವಿಚ್ ಆರಿಸುತ್ತಾ ಕೂರಬಾರದು. ನೀವು ಲೋಡ್ ಕಡಿಮೆ ಮಾಡಿದಷ್ಟೂ ಉಳಿದ ಸಾಮಾನಿನ ಮೇಲೆ ವೋಲ್ಟೇಜ್ ಏರುತ್ತದೆ. ಸೀದಾ ಹೋಗಿ ಮೇನ್ ಸ್ವಿಚ್ ಇಳಿಸಬೇಕು. ಮೇನ್ ಯಾವುದು, ಹೇಗೆ ಇಳಿಸುವುದು ಎಂಬುದು ಮನೆಯ ಅಜ್ಜಿಯಿಂದ ಹಿಡಿದು ಹೈಸ್ಕೂಲು ಹುಡುಗರವರೆಗೆ ಎಲ್ಲರಿಗೂ ಗೊತ್ತಿರಲಿ. ಬೋರ್ಡಿನ ಮುಂದೆ ಅಟ್ಟ, ಬೀರು, ಅಕ್ಕಿ ಚೀಲ ಜೋಡಿಸಿರುವ ಮನೆಗಳು ಎಷ್ಟೋ ಇವೆ, ದಯವಿಟ್ಟು ಅದನ್ನು ತೆರವು ಮಾಡಿ.

ಯಾರೂ ಮನೆಯಲ್ಲಿ ಇಲ್ಲದಾಗ ಈ ಕೆಲಸ ಮಾಡಲು ಒಂದು ಸಣ್ಣ ಉಪಕರಣವಿದೆ. ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಎಂದು ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಡುತ್ತಾರೆ. ಬೋರ್ಡಿನಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಬೀಳುವ ಸ್ವಿಚ್) ಪಕ್ಕದಲ್ಲೇ ಕೂರುತ್ತದೆ. ಸಿಂಗಲ್ ಫೇಸ್ ಮನೆಗೆ 40 ಅಥವಾ 63 ಆಂಪಿಯರಿನದು ಸಾಕು. ಮೇಲಿನ ಮಿತಿ 270 ವೋಲ್ಟ್, ಕೆಳಗಿನದು 170 ಎಂದು ಹೊಂದಿಸಿ, ಕರೆಂಟ್ ಬಂದ ಮೇಲೆ ಮೂರು ನಿಮಿಷ ತಡೆದು ಮನೆಗೆ ಬಿಡುವಂತೆ ಇಡಿ. ಆ ಮೂರು ನಿಮಿಷ ಫ್ರಿಜ್‌ಗೆ ಬೇಕು. ನಿಂತ ಕಂಪ್ರೆಸರ್‌ನಲ್ಲಿ ಗ್ಯಾಸಿನ ಒತ್ತಡ ಇಳಿಯುವ ಮೊದಲೇ ಮತ್ತೆ ಕರೆಂಟ್ ಸಿಕ್ಕಿದರೆ ಅದು ತಿರುಗಲಾರದೆ ಬಿಸಿಯಾಗುತ್ತದೆ, ಹೀಗೆ ಹತ್ತು ಸಲ ಹೋಗಿ ಬಂದರೆ ಅದರೊಳಗಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ. ಪ್ರೊಟೆಕ್ಟರ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದ ತಕ್ಷಣ ಫ್ರಿಜ್, ಟಿವಿ, ವಾಷಿಂಗ್ ಮೆಷೀನಿನ ಪ್ಲಗ್ ಕಿತ್ತು, ಬಂದು ಐದು ನಿಮಿಷ ಕಳೆದ ಮೇಲೆ ಹಾಕಿ. ಸಿಡಿಲಿನ ಸದ್ದು ಹತ್ತಿರವಾಗುತ್ತಿದ್ದರೆ ಪ್ಲಗ್ ಜೊತೆ ಟಿವಿಯ ಡಿಶ್ ಕೇಬಲ್ಲನ್ನೂ ಮೊದಲೇ ತೆಗೆಯಬೇಕು, ಏಕೆಂದರೆ ಸಿಡಿಲಿನ ಹೊಡೆತ ಆ ದಾರಿಯಲ್ಲೂ ಒಳಗೆ ಬರುತ್ತದೆ.

ಇನ್ನು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಪೂರಾ ಒಣಗಿರುತ್ತದೆ, ಮೊದಲ ಗುಡುಗು ಮಳೆ ಬರುವುದು ಆ ಸ್ಥಿತಿಯಲ್ಲೇ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ಬಿಂದಿಗೆ ನೀರು ಹುಯ್ಯುತ್ತಿರಿ. ಗುಂಡಿಯ ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದರೆ ಒಡೆಸಿ ಚೇಂಬರ್ ಕಟ್ಟಿಸಿ. ಹೊಸದಾಗಿ ಮಾಡಿಸುವುದಾದರೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ಕೆಲಸ ಮುಗಿದ ಮೇಲೆ ಅರ್ತ್ ಟೆಸ್ಟರ್ ಇಟ್ಟು ಐದು ಓಮ್‌ಗಿಂತ ಕಡಿಮೆ ತೋರಿಸಿದ ಮೇಲೇ ದುಡ್ಡು ಕೊಡಿ.

ಶಾಕ್‌ನಿಂದ ಜೀವ ಉಳಿಸುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೇ ವಾಪಸ್ ಬರದೆ ಎಲ್ಲೋ ಸೋರಿದರೆ ತಾನೇ ಬೀಳುವ ಸ್ವಿಚ್ ಇದು. ಎಂಸಿಬಿ ಉಳಿಸುವುದು ವೈರನ್ನು, ಮನುಷ್ಯನನ್ನಲ್ಲ. ಆರ್‌ಸಿಸಿಬಿ ಮೇಲೆ ಟೆಸ್ಟ್ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಎಂದು ಬೀಳದಿದ್ದರೆ ಅದನ್ನು ಬದಲಿಸಬೇಕು. ಇಲ್ಲಿ ನಡೆಯುವ ದೊಡ್ಡ ತಪ್ಪೊಂದನ್ನು ಹೇಳಲೇಬೇಕು. ಇನ್ವರ್ಟರ್ ಕೂರಿಸುವಾಗ ಅದರ ಲೈನಿಗೆ ಪ್ರತ್ಯೇಕ ನ್ಯೂಟ್ರಲ್ ಎಳೆಯದೆ ಮನೆಯ ಹಳೇ ನ್ಯೂಟ್ರಲ್‌ಗೇ ಸೇರಿಸಿಬಿಡುತ್ತಾರೆ. ಆರ್‌ಸಿಸಿಬಿ ಮೂಲಕ ಹೋದ ಕರೆಂಟ್ ಅಷ್ಟೇ ವಾಪಸ್ ಬರದೆ ಲೆಕ್ಕ ತಪ್ಪಿ ಅದು ಪದೇ ಪದೇ ಬೀಳುತ್ತದೆ. ಆಗ ಬಂದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಬಂದ ಮೇಲೆ ಆರ್‌ಸಿಸಿಬಿ ಒಮ್ಮೆಯೂ ಬಿದ್ದಿಲ್ಲವಾದರೆ ಇದನ್ನು ನೋಡಿಸಿ. ನ್ಯೂಟ್ರಲ್ ಬೇರೆ ಮಾಡಿ, ಇನ್ವರ್ಟರ್ ಲೈನಿಗೂ ಒಂದು ಆರ್‌ಸಿಸಿಬಿ ಹಾಕಿಸುವುದೇ ಸರಿಯಾದ ಕ್ರಮ.

ಹಳ್ಳಿ ಮನೆಗಳಲ್ಲಿ ಬಟ್ಟೆ ಒಣಗಿಸುವ ತಂತಿಯದು ಇದಕ್ಕಿಂತ ಘೋರ ವಿಷಯ. ಜಿಐ ತಂತಿಯ ಒಂದು ತುದಿ ಬೀದಿ ಕಂಬದಿಂದ ಮನೆಗೆ ಸರ್ವಿಸ್ ವೈರ್ ಬರುವ ಪೈಪಿಗೆ, ಇನ್ನೊಂದು ತುದಿ ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿರುತ್ತಾರೆ. ಗಾಳಿಗೆ ತೂಗಿ ತೂಗಿ ಸರ್ವಿಸ್ ವೈರಿನ ಸಿಪ್ಪೆ ಸವೆದು ಪೈಪಿಗೆ ಕರೆಂಟ್ ಬರುತ್ತದೆ, ಅಲ್ಲಿಂದ ತಂತಿಗೆ, ತಂತಿಯಿಂದ ಒದ್ದೆ ಸೀರೆಗೆ. ಬಟ್ಟೆ ಹರವಲು ಹೋದ ಹೆಂಗಸರೇ ಇದಕ್ಕೆ ಬಲಿಯಾಗುತ್ತಾರೆ. ಶೀಟ್ ಮನೆಯಾದರೆ ಚಾವಣಿಗೆಲ್ಲಾ ಕರೆಂಟ್ ಹರಿಯುತ್ತದೆ. ಆ ತಂತಿಯನ್ನು ಇವತ್ತೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ. ಕೈಗೆ ಜುಂ ಎಂದಿತು ಎಂದು ಯಾರಾದರೂ ಹೇಳಿದರೆ ಒದ್ದೆಗೆ ಹಾಗಾಗುತ್ತದೆ ಎಂದು ಬಿಡಬಾರದು. ಮೇನ್ ಇಳಿಸಿ, ಯಾರೂ ಮುಟ್ಟದಂತೆ ನೋಡಿಕೊಂಡು ದೂರು ಕೊಡಿ. ಮೇನ್ ಇಳಿಸಿದರೂ ಸರ್ವಿಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಇಷ್ಟಾದ ಮೇಲೆ ಇನ್ವರ್ಟರ್ ಮಾತು. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇದೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಮುಕ್ಕಾಲಿಗಿಂತ ಕಡಿಮೆ ಬಳಸಬೇಕು, ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು ಸುಮಾರು 1000. ಹಳೇ ಮಾದರಿಯ ಎರಡು ಫ್ಯಾನ್ 150 ವ್ಯಾಟ್, ನಾಲ್ಕು ಎಲ್‌ಇಡಿ ಬಲ್ಬ್ 36, ವೈಫೈ ರೂಟರ್ ಸುಮಾರು 12 ಎಂದರೆ ಹತ್ತಿರ ಹತ್ತಿರ 200 ವ್ಯಾಟ್, ಐದು ಗಂಟೆ ನಡೆಯುತ್ತದೆ. ಅದೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಅದೇ ಬ್ಯಾಟರಿ ಒಂಬತ್ತು ಗಂಟೆ ಬರುತ್ತದೆ. ಎರಡನೇ ಬ್ಯಾಟರಿ ಕೊಳ್ಳುವ ಮುಂಚೆ ಫ್ಯಾನ್ ಬದಲಿಸಿ ಎಂದು ನಾನು ಹೇಳುವುದು ಇದಕ್ಕೇ. ಮಿಕ್ಸಿ, ಫ್ರಿಜ್, ಇಸ್ತ್ರಿಪೆಟ್ಟಿಗೆ ಇನ್ವರ್ಟರ್ ಲೈನಿನಲ್ಲಿ ಬೇಡ.

ಬ್ಯಾಟರಿ ಹಾಳಾಗುವುದು ಹೆಚ್ಚಾಗಿ ನೀರಿನ ವಿಷಯದಲ್ಲಿ. ಎರಡು ತಿಂಗಳಿಗೊಮ್ಮೆ ಆರೂ ಮುಚ್ಚಳದ ಫ್ಲೋಟ್ (ನೀರಿನ ಮಟ್ಟ ತೋರಿಸುವ ಕಡ್ಡಿ) ನೋಡಿ, ಕೆಂಪು ಗುರುತಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ ಹಸಿರು ಗುರುತಿಗೆ ನಿಲ್ಲಿಸಿ. ತುಂಬಿ ತುಳುಕಿಸಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಬರುತ್ತದೆ. ಆರ್‌ಒ ನೀರು ಡಿಸ್ಟಿಲ್ಡ್ ಅಲ್ಲ, ಅದರಲ್ಲೂ ಲವಣ ಉಳಿದಿರುತ್ತದೆ. ನಮ್ಮ ಕಡೆಯ ಬೋರ್ ನೀರು ಹಾಕಿದರಂತೂ ಪ್ಲೇಟಿನ ಗತಿ ಮುಗಿಯಿತು. ಆಸಿಡ್ ಎಂದೂ ಹಾಕಬಾರದು, ಆವಿಯಾಗಿ ಕಡಿಮೆಯಾಗುವುದು ನೀರು ಮಾತ್ರ. ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕಟ್ಟಿದ್ದರೆ ಇನ್ವರ್ಟರ್ ಆರಿಸಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ ಒಣಗಿಸಿ, ನಟ್ ಬಿಗಿ ಮಾಡಿ ವ್ಯಾಸಲೀನ್ ಸವರಿ. ಆ ಸೋಡಾ ನೀರು ಮುಚ್ಚಳದೊಳಗೆ ಹೋಗದಂತೆ ಎಚ್ಚರವಿರಲಿ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಹತ್ತಿಕೊಳ್ಳುವ ಅನಿಲ, ಹಾಗಾಗಿ ಬ್ಯಾಟರಿ ದೇವರ ಮನೆಯ ಪಕ್ಕ, ಮುಚ್ಚಿದ ಕಪಾಟಿನಲ್ಲಿ ಇರಕೂಡದು.

ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಮೊನ್ನೆ ಸಂಜೆ ಹೋಗಿ, ನಿನ್ನೆ ಸಂಜೆಯೂ ಹೋಗಿದ್ದರೆ ಇವತ್ತು ಅದು ಅರ್ಧದಲ್ಲೇ ಇರಬಹುದು, ಫ್ಯಾನ್ ಒಂದನ್ನು ಬಿಟ್ಟುಕೊಡಿ. ಇನ್ವರ್ಟರ್ ಹಿಂದೆ ಯುಪಿಎಸ್ ಮತ್ತು ಇಕೋ ಎಂದು ಸ್ವಿಚ್ ಇದ್ದರೆ ಬಿರುಗಾಳಿಯ ತಿಂಗಳುಗಳಲ್ಲಿ ಯುಪಿಎಸ್ ಕಡೆ ಇಡಿ. ಇಕೋದಲ್ಲಿ ಸಾಮಾನ್ಯವಾಗಿ 290 ವೋಲ್ಟ್‌ವರೆಗೆ ಹೊರಗಿನ ಕರೆಂಟನ್ನು ಹಾಗೇ ಒಳಗೆ ಬಿಡುತ್ತದೆ, ಯುಪಿಎಸ್‌ನಲ್ಲಿ 260 ದಾಟಿದರೆ ಬ್ಯಾಟರಿಗೆ ತಿರುಗುತ್ತದೆ. ಇನ್ನೊಂದು ಮಾತು, ಮೇನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ 230 ವೋಲ್ಟ್ ಇರುತ್ತದೆ. ಬಲ್ಬ್ ಹೋಲ್ಡರ್ ಬಿಚ್ಚುವ ಮುಂಚೆ ಇನ್ವರ್ಟರನ್ನೂ ಆರಿಸಿ.

ಜನರೇಟರ್ ಇರುವವರು ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ ಗೋಡೆಯ ಸಾಕೆಟ್ಟಿಗೆ ಚುಚ್ಚುವುದನ್ನು ನಿಲ್ಲಿಸಬೇಕು. ಮೇನ್ ಇಳಿಸಲು ಮರೆತರೆ ಆ ಕರೆಂಟ್ ಬೀದಿಯ ಲೈನಿಗೆ ಹೋಗಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದಕ್ಕೆ ಏರಿ 11 ಸಾವಿರ ವೋಲ್ಟ್ ಆಗುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನನ್ನು ಅದು ಕೊಲ್ಲುತ್ತದೆ. ಬೀದಿ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಲೇಬಾರದು. ಹೊಗೆಯ ವಿಷಾನಿಲಕ್ಕೆ ವಾಸನೆ ಇಲ್ಲ, ಹಾಗಾಗಿ ಜಗಲಿ, ಗ್ಯಾರೇಜ್ ಬೇಡ, ಮನೆಯಿಂದ 20 ಅಡಿ ಆಚೆ ಇರಲಿ. ಚಾವಣಿಯಲ್ಲಿ ಸೋಲಾರ್ ಹಾಕಿಸಿಕೊಂಡವರೂ ತಿಳಿದಿರಲಿ, ಬೀದಿ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ಹಗಲಿನಲ್ಲೂ ನಿಂತುಬಿಡುತ್ತದೆ. ಲೈನ್‌ಮನ್ ಸುರಕ್ಷತೆಗೆಂದೇ ಹಾಗೆ ಮಾಡಿದ್ದಾರೆ.

ನೀರಿನ ವಿಷಯದಲ್ಲಿ, ಮಧ್ಯಾಹ್ನ ಮೋಡ ಕಟ್ಟಿತೆಂದರೆ ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿ. ಮೈಸೂರಿಗೆ ಕಾವೇರಿ ನೀರು ಬರುವುದು ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಪಂಪ್‌ಗಳಿಂದ, ಅಲ್ಲಿ ಕರೆಂಟ್ ಹೋದರೆ ಮರುದಿನ ನಲ್ಲಿಯೂ ಬರದಿರಬಹುದು. ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಹಿಡಿದಿಡಿ. ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನದು ನಾಲ್ಕು ಗಂಟೆ ತಣ್ಣಗಿರುತ್ತದೆ. ಫ್ರೀಜರಿನಲ್ಲಿ ಎರಡು ಬಾಟಲಿ ನೀರನ್ನು ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿಟ್ಟು, ಕರೆಂಟ್ ಹೋದಾಗ ಹಾಲಿನ ಪಕ್ಕಕ್ಕೆ ಇಳಿಸಿ. ಹಾಲನ್ನು ಮತ್ತೊಮ್ಮೆ ಕಾಯಿಸಿ, ಕಾಯಿ ಚಟ್ನಿ ಉಳಿದಿದ್ದರೆ ಚೆಲ್ಲಿ. ಇನ್ಸುಲಿನ್ ಇಟ್ಟವರು ಆ ಐಸ್ ಬಾಟಲಿಗೆ ಅದನ್ನು ತಾಗಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಅದನ್ನಿಡಲು ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಕುಡಿಕೆ ಒಂದು ರಾತ್ರಿಗೆ ಸಾಕು.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಬಳಸುವ ರೋಗಿಗಳಿದ್ದರೆ ಇನ್ವರ್ಟರನ್ನು ನಂಬಿ ಕೂರಬೇಡಿ. ನಿಮಿಷಕ್ಕೆ ಐದು ಲೀಟರ್ ಕೊಡುವ ಯಂತ್ರ 300 ವ್ಯಾಟ್ ಮೀರಿ ಎಳೆಯುತ್ತದೆ, ಒಂದು ಬ್ಯಾಟರಿ ಮೂರು ಗಂಟೆಯೊಳಗೆ ಖಾಲಿ. 1500 ಲೀಟರ್ ಆಕ್ಸಿಜನ್ ಹಿಡಿಯುವ ಬಿ ಟೈಪ್ ಸಿಲಿಂಡರ್ ಒಂದು ಇರಲಿ, ನಿಮಿಷಕ್ಕೆ ಎರಡು ಲೀಟರಿನಂತೆ ಅದು ಹನ್ನೆರಡು ಗಂಟೆ ಬರುತ್ತದೆ. ರೆಗ್ಯುಲೇಟರ್, ಸ್ಪ್ಯಾನರ್ ಅದರ ಕತ್ತಿಗೇ ಕಟ್ಟಿಡಿ. ಆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಬಾರದು.

ತಂತಿ ಬಿದ್ದದ್ದು ಕಂಡರೆ ಹತ್ತು ಮೀಟರ್ ದೂರ ನಿಲ್ಲಿ. ಊರೆಲ್ಲಾ ಕತ್ತಲಾಗಿದ್ದರೂ ಆ ತಂತಿ ಸತ್ತಿದೆ ಎಂದು ತಿಳಿಯಬೇಡಿ, ಸಬ್‌ಸ್ಟೇಷನ್‌ನಿಂದ ಯಾವಾಗ ಬೇಕಾದರೂ ಲೈನಿಗೆ ಕರೆಂಟ್ ಬಿಟ್ಟು ನೋಡುತ್ತಾರೆ. ಆಗಲೇ ಹತ್ತಿರ ಬಂದುಬಿಟ್ಟಿದ್ದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಜರುಗಿಸುತ್ತಾ ಹಿಂದೆ ಸರಿಯಿರಿ. ದನಗಳನ್ನು ಆ ಕಡೆ ಬಿಡಬೇಡಿ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಅಂತರ ಹೆಚ್ಚಿರುವುದರಿಂದ ಅವು ಮೊದಲು ಸಾಯುತ್ತವೆ. ನಮ್ಮ ಜಿಲ್ಲೆಗಳ ದೂರಿನ ಸಂಖ್ಯೆ 1912. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ನಿಮ್ಮ ಮನೆಯ ವಿದ್ಯುತ್ ಸಂಪರ್ಕದ ಸಂಖ್ಯೆ) ಮತ್ತು ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ ನಂಬರನ್ನು ಈಗಲೇ ಒಂದು ಚೀಟಿಯಲ್ಲಿ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ. ಕರೆಂಟ್ ಇಲ್ಲ ಎಂದಷ್ಟೇ ಹೇಳದೆ, ಬೀದಿಗೇ ಇಲ್ಲವೋ ನಿಮ್ಮ ಮನೆಗೆ ಮಾತ್ರವೋ, ತಂತಿ ಕಡಿದಿದೆಯೋ ಕೊಂಬೆ ಬಿದ್ದಿದೆಯೋ ಎಂಬುದನ್ನು ಹೇಳಿ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.

ಇಂತಿ,
ಒಬ್ಬ ವಿದ್ಯುತ್ ಗುತ್ತಿಗೆದಾರ, ಮಂಡ್ಯ